ಪರಮಪ್ರಸಾದ ಕೆಂಪಾದ ಪ್ರಕರಣದಲ್ಲಿ ನಾನು ಟೈಪು ಮಾಡಿದ ಹೇಳಿಕೆಗಳು

ಮಾನ್ಯ ಓದುಗರಲ್ಲಿ ವಿಜ್ಞಾಪನೆ.

ಈ ಬರಹದಲ್ಲಿ ಕಾಗುಣಿತದ ದೋಷಗಳು ಕಂಡುಬಂದಲ್ಲಿ, ಅಕ್ಷರಗಳು ಸೊಟ್ಟಗಿದ್ದಲ್ಲಿ, ದಯಮಾಡಿ ಕ್ಷಮಿಸತಕ್ಕದ್ದು. ಬಹುಕಾಲ ಟೈಪ್‌ರೈಟರಿನ ಕೀಲಿಗಳನ್ನೇ ಒತ್ತಿದ ಬೆರಳುಗಳಿಗೆ ಪೆನ್ನು ಹಿಡಿಯುವ ಅಭ್ಯಾಸ ತಪ್ಪಿಹೋಗಿದೆ. ಅನ್ಯರ ಪರವಾಗಿ ಲೆಕ್ಕವಿಲ್ಲದಷ್ಟು ಅರ್ಜಿಗಳನ್ನು ಸಿದ್ಧಪಡಿಸಿದ್ದೇನಾದರೂ ನನ್ನ ಪರವಾಗಿ ನಾನೇ ಬರೆಯುತ್ತಿರುವುದು ಇದೇ ಮೊದಲು. ಎಲ್ಲಿಂದ ಆರಂಭಿಸಬೇಕೆಂಬುದು ತಿಳಿಯದ ಕಾರಣ, ನಡೆದ ಸಂಗತಿಯನ್ನು ನಡೆದ ಕ್ರಮದಲ್ಲಿಯೇ ನಿವೇದಿಸುತ್ತೇನೆ.

ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದ ಮರುವರ್ಷ. ಮಂಡ್ಯದ ಕೋರ್ಟಿನ ಎದುರಿಗೆ, ತಗಡಿನ ಚಾವಣಿಯ ಕೆಳಗೆ ನನ್ನ ಕನ್ನಡ ಯಂತ್ರವಿತ್ತು. ಹೊಳಲಿನ ರೈತರೊಬ್ಬರ ನಾಲೆ ನೀರಿನ ಅರ್ಜಿಯನ್ನು ಟೈಪು ಮಾಡುತ್ತಿದ್ದಾಗ, ಬಿಳಿಯ ನಿಲುವಂಗಿ ತೊಟ್ಟ ಕ್ರೈಸ್ತ ಗುರುಗಳೊಬ್ಬರು ಬಂದು ಎದುರಿನ ಸ್ಟೂಲಿನ ಮೇಲೆ ಕುಳಿತರು. ಅವರು ಮಳವಳ್ಳಿಯಲ್ಲಿದ್ದುಕೊಂಡು ಸುತ್ತಲಿನ ಹಳ್ಳಿಗಳ ಸಣ್ಣ ಗುಡಿಗಳನ್ನು ನೋಡಿಕೊಳ್ಳುತ್ತಿದ್ದವರು.

"ಹೇಳಿಕೆ ತಗೊಂಡು ನಾಲ್ಕು ಪ್ರತಿ ಮಾಡಿಕೊಡಬೇಕು. ಯಂತ್ರ ಸಮೇತ ಹಳ್ಳಿಗೆ ಬರಬೇಕಾಗುತ್ತೆ" ಎಂದರು.

"ಸಿವಿಲ್ ಕೇಸೋ ಕ್ರಿಮಿನಲ್ ಕೇಸೋ ಸ್ವಾಮಿ?"

"ಎರಡೂ ಆಗದೆ ಇರಲಿ ಅಂತಲೇ ಬಂದಿದ್ದೀನಿ."

ಅವರು ವಿವರಿಸಿದ್ದು ಹೀಗೆ. ಬಲಿಪೂಜೆ ಎಂಬ ಅವರ ಭಾನುವಾರದ ಆರಾಧನೆಯಲ್ಲಿ ಗೋಧಿಯ ತೆಳ್ಳನೆಯ ಬಿಲ್ಲೆಯಂಥ ರೊಟ್ಟಿಯನ್ನು ಗುರುಗಳು ಮಂತ್ರಿಸಿ ಭಕ್ತರ ನಾಲಗೆಯ ಮೇಲಿಡುತ್ತಾರೆ. ಮಂತ್ರಿಸಿದ ಮೇಲೆ ಅದು ರೊಟ್ಟಿಯಲ್ಲ, ಸಾಕ್ಷಾತ್ ಕ್ರಿಸ್ತನ ದೇಹ ಎಂಬುದು ಅವರ ನಂಬಿಕೆ. ಅದೇ ಪರಮಪ್ರಸಾದ. ಒಂದು ಭಾನುವಾರ, ಊರಿನ ಸೂಲಗಿತ್ತಿಯಾದ ಮುದುಕಿಯೊಬ್ಬರ ಬಾಯಿಂದ ಅದು ನೆಲಕ್ಕೆ ಬಿತ್ತು. ಹಾಗೆ ಬಿದ್ದುದನ್ನು ನೀರಿನ ಬಟ್ಟಲಿನಲ್ಲಿಟ್ಟು, ಬಲಿಪೀಠದ ಮೇಲಿನ ಪರಮಪ್ರಸಾದದ ಪೆಟ್ಟಿಗೆಯಲ್ಲಿರಿಸಿ ಬೀಗ ಹಾಕಿ, ಕರಗಿದ ಮೇಲೆ ಜನರು ತುಳಿಯದ ಮಣ್ಣಿಗೆ ಹೊಯ್ಯಬೇಕೆಂಬುದು ನಿಯಮ. ಗುರುಗಳು ಹಾಗೆಯೇ ಮಾಡಿದರು. ಐದನೆಯ ದಿನ ಬೀಗ ತೆಗೆದು ನೋಡಿದರೆ ರೊಟ್ಟಿ ಕರಗಿರಲಿಲ್ಲ. ಅದರ ಮೇಲೆ ರಕ್ತದಂಥ ಕೆಂಪು ಹರಡಿತ್ತು. ಹಿಂದೆ ನಿಂತಿದ್ದ ಉಪದೇಶಿ, ಅಂದರೆ ಗುರುಗಳಿಲ್ಲದಾಗ ಗುಡಿಯನ್ನು ನೋಡಿಕೊಳ್ಳುವವರು, "ರಕ್ತ! ರಕ್ತ!" ಎಂದು ಕೂಗಿಬಿಟ್ಟರು. ಊರೆಲ್ಲ ಬಲಿಪೀಠದ ಕಟಕಟೆಗೆ ಮುಗಿಬಿತ್ತು.

"ಹೊರದೇಶಗಳಲ್ಲಿ ಹಿಂದಿನ ಕಾಲದಲ್ಲಿ ಹೀಗೆ ಆದ ಕತೆಗಳಿವೆ. ಅಪನಂಬಿಕೆ ಇರೋರ ಕೈಲೋ, ಪಾಪಿಗಳ ಬಾಯಲ್ಲೋ ಪ್ರಸಾದ ರಕ್ತವಾಯಿತು ಅಂತ. ನಮ್ಮ ಉಪದೇಶಿ ಅದನ್ನೇ ವರ್ಷಾನುಗಟ್ಟಲೆ ಹೇಳಿಕೊಂಡು ಬಂದಿದ್ದಾರೆ. ಈಗ ಜನ ಪ್ರಸಾದ ನೋಡ್ತಿಲ್ಲ, ಆ ಅಜ್ಜಿಯ ಬಾಯಿ ನೋಡ್ತಿದ್ದಾರೆ. ಮೊನ್ನೆ ಒಂದು ಮನೇಲಿ ಹೆರಿಗೆ ನೋವು ಬಂದಾಗ ಆಕೆಯನ್ನು ಕರೆಯದೆ ಗಾಡಿ ಕಟ್ಟಿಕೊಂಡು ಮಳವಳ್ಳಿಗೆ ಹೋದರು" ಎಂದರು ಗುರುಗಳು.

ಧರ್ಮಾಧ್ಯಕ್ಷರ, ಅಂದರೆ ಬಿಷಪ್ಪರ, ಕಚೇರಿಗೆ ವರದಿ ಹೋಗಬೇಕು, ಅದಕ್ಕೆ ಸಾಕ್ಷಿಗಳ ಹೇಳಿಕೆ ಬೇಕು. ನಾನು ಆ ಮತದವನಲ್ಲ, ನನಗೆ ಇದರ ತಲೆಬುಡ ತಿಳಿಯದು ಎಂದೆ. ಅದಕ್ಕೇ ತಮ್ಮನ್ನು ಹುಡುಕಿಕೊಂಡು ಬಂದೆ ಎಂದರು. ಒಪ್ಪಿಕೊಂಡೆ. ಆ ಒಪ್ಪಿಗೆಯಿಂದ ನನಗೆ ಒದಗಿದ ತಲೆನೋವನ್ನು ಮುಂದೆ ಅರಿಕೆ ಮಾಡಿಕೊಳ್ಳುತ್ತೇನೆ.

ನಿಗದಿಯಾದ ದಿನ ಗುತ್ತಲಿನ ನನ್ನ ಮನೆಯಿಂದ ಯಂತ್ರವನ್ನು ಹೊತ್ತು ಬಸ್ ನಿಲ್ದಾಣಕ್ಕೆ ಬಂದೆ. ಮದ್ದೂರಿನಲ್ಲಿ ಇಳಿದು ಮಳವಳ್ಳಿಯ ಬಸ್ಸು ಹಿಡಿಯಬೇಕು. ಅಲ್ಲಿನ ಕಂಡಕ್ಟರು ನನ್ನನ್ನು ಬಾಗಿಲಲ್ಲೇ ತಡೆದ.

"ಏನ್ರೀ ಅದು, ಒಲಿಗೆ ಮಿಸನ್ನಾ?"

"ಟೈಪ್‌ರೈಟರು."

"ಅಂಗಾರೆ ಮ್ಯಾಲಕ್ಕಾಕಿ."

"ಮೇಲೆ ಹಾಕಿದರೆ ಅಕ್ಷರಗಳು ಉದುರಿಹೋಗ್ತವಪ್ಪ."

"ಉದುರ್ಲಿ ಬುಡಿ, ನಾನ್ ಇಂದ್ಗಡೆ ಬಾಗ್ಲಲ್ ನಿಂತು ಆಯ್ಕೊಂಡ್ ಬತ್ತೀನಿ."

ಬಸ್ಸೆಲ್ಲ ನಕ್ಕಿತು. ಯಂತ್ರವನ್ನು ಮಡಿಲಲ್ಲಿಟ್ಟುಕೊಂಡೇ ಕುಳಿತೆ. ಮಳವಳ್ಳಿಯಿಂದ ಹಳ್ಳಿಯವರೆಗೆ ಗುರುಗಳ ಸೈಕಲ್ಲಿನ ಹಿಂದೆ ಯಂತ್ರವನ್ನು ಕಟ್ಟಿ, ನಾವಿಬ್ಬರೂ ನಡೆದೆವು.

ಹಳ್ಳಿಯಲ್ಲಿ ಸಾಕ್ಷಿಗಳಿಗೆ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ಸಾಕ್ಷಿಗಳಲ್ಲದವರಿಗೆ. ಗುಡಿಯ ಜಗುಲಿಯ ಮೇಲೆ ಮೇಜು ಹಾಕಿ, ಹಾಳೆಗಳ ನಡುವೆ ಮೂರು ಕಾರ್ಬನ್ ಇಟ್ಟು, ಮೊದಲನೆಯವರನ್ನು ಕರೆಯುವುದರೊಳಗೆ ನಲವತ್ತು ಜನ ಸುತ್ತುವರಿದು ಏಕಕಾಲಕ್ಕೆ ಮಾತನಾಡತೊಡಗಿದರು. ಒಬ್ಬಾತ ಆ ದಿನ ಊರಲ್ಲೇ ಇರಲಿಲ್ಲ, ಪೂರಿಗಾಲಿಗೆ ಹೋಗಿದ್ದ ಎಂಬುದು ಅಲ್ಲಿದ್ದವರ ಮಾತಿನಿಂದಲೇ ತಿಳಿಯಿತು.

"ತಾವು ಖುದ್ದಾಗಿ ಹಾಜರಿರಲಿಲ್ಲವಲ್ಲ" ಎಂದೆ.

"ನಾನಿರ್ಲಿಲ್ಲ, ನಿಜ. ನಮ್ಮಣ್ಣ ಇದ್ದ. ಅವನ ಕಣ್ಣೂ ನಮ್ ಕಣ್ಣೂ ಒಂದೇ ಬುಡಿ, ಮನೆ ಇನ್ನೂ ಬಾಗ ಆಗಿಲ್ಲ."

ಹೀಗೆ ಹದಿಮೂರು ಜನರನ್ನು ಆರಿಸುವಲ್ಲಿಯೇ ಮಧ್ಯಾಹ್ನವಾಯಿತು. ಸಂಜೆಯ ಬಸ್ಸು ತಪ್ಪಿದರೆ ಮತ್ತೊಂದಿಲ್ಲ. ಆದ್ದರಿಂದ ನಾನು ಕೋರ್ಟಿನೆದುರು ಮಾಡುವಂತೆಯೇ ಮಾಡಿದೆ. ನಮ್ಮ ವೃತ್ತಿಯಲ್ಲಿ ಪ್ರತಿಯೊಂದಕ್ಕೂ ಸಿದ್ಧವಾದ ಒಕ್ಕಣೆ ಇರುತ್ತದೆ. ಕಕ್ಷಿದಾರರು ಅರ್ಧ ಗಂಟೆ ಹೇಳಿದ್ದನ್ನು ನಾಲ್ಕು ಸಾಲಿಗೆ ಇಳಿಸುವುದೇ ನಮ್ಮ ಕಸುಬು. "ನಾನು ಸದರಿ ಗ್ರಾಮದ ಖಾಯಂ ನಿವಾಸಿಯಾಗಿದ್ದು, ಸದರಿ ದಿನ ಸದರಿ ಸ್ಥಳದಲ್ಲಿ ಖುದ್ದಾಗಿ ಹಾಜರಿದ್ದು, ಸದರಿ ಪರಮಪ್ರಸಾದವು ರಕ್ತವರ್ಣಕ್ಕೆ ತಿರುಗಿರುವುದನ್ನು ಕಣ್ಣಾರೆ ಕಂಡಿರುತ್ತೇನೆ" ಎಂದು ಹೆಸರು ಮಾತ್ರ ಬದಲಿಸುತ್ತಾ ಟೈಪು ಮಾಡುತ್ತಾ ಹೋದೆ. ಅವರು ಹೆಬ್ಬೆಟ್ಟು ಒತ್ತುತ್ತಾ ಹೋದರು.

ಕೊನೆಯವರು ಸೂಲಗಿತ್ತಿ. ಗಟ್ಟಿಮುಟ್ಟಾದ ಹೆಂಗಸು. ಉಳಿದವರೆಲ್ಲ ಮೇಜಿಗೆ ಅಂಟಿ ನಿಂತು ಹೇಳಿದ್ದರೆ, ಆಕೆ ಜಗುಲಿಯ ಕೆಳಗೆ ನಿಂತೇ ಏನೇನೋ ಹೇಳಿದರು. ಸುತ್ತಲಿನ ಗದ್ದಲದಲ್ಲಿ ನನಗೆ ಅರ್ಧ ಕೇಳಿಸಿತು. ಬಸ್ಸಿನ ಹೊತ್ತಾಗಿತ್ತು. ಅವರ ಹೇಳಿಕೆಯನ್ನೂ ಅದೇ ಒಕ್ಕಣೆಯಲ್ಲಿ ಮುಗಿಸಿ, ಬಡ ಹೆಂಗಸರು ಮೇಲಿನವರಿಗೆ ಸಲ್ಲಿಸುವ ಕಾಗದಗಳಿಗೆಲ್ಲ ಹಾಕುವ ಕೊನೆಯ ಸಾಲನ್ನು ಬೆರಳುಗಳು ತಾವಾಗಿಯೇ ಹಾಕಿಬಿಟ್ಟವು: "ನನ್ನಿಂದ ಆಗಿರುವ ತಪ್ಪನ್ನು ದಯಮಾಡಿ ಮನ್ನಿಸಬೇಕಾಗಿ ಕೈಮುಗಿದು ಬೇಡಿಕೊಳ್ಳುತ್ತೇನೆ." ಆ ಸಾಲಿಗೆ ಅರ್ಥವಿದೆಯೆಂದು ನಾನು ಅದುವರೆಗೆ ಯೋಚಿಸಿರಲಿಲ್ಲ. ವಿಳಾಸದ ಹಾಗೆ, ದಿನಾಂಕದ ಹಾಗೆ, ಅದೂ ಕಾಗದದ ಒಂದು ಭಾಗವೆಂದೇ ತಿಳಿದಿದ್ದೆ.

ಎರಡು ವಾರಗಳ ತರುವಾಯ ಮಳವಳ್ಳಿಗೆ ಬರಬೇಕೆಂದು ಕರೆ ಬಂತು. ಧರ್ಮಾಧ್ಯಕ್ಷರು ವಿಚಾರಣೆಗೆ ನೇಮಿಸಿದ್ದ ಹಿರಿಯ ಗುರುಗಳೊಬ್ಬರು ನನ್ನ ಹದಿಮೂರು ಹಾಳೆಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿಕೊಂಡಿದ್ದರು. ಮೆಚ್ಚುಗೆ ಬರಬಹುದೆಂದು ನಿರೀಕ್ಷಿಸಿದ್ದೆ. ನಾನು ಒಂದು ಅಕ್ಷರವನ್ನೂ ಹೊಡೆದು ತಿದ್ದಿರಲಿಲ್ಲ.

"ಕರ್ನಾಟಕದಲ್ಲಿ ಹದಿಮೂರು ಜನ ಇಷ್ಟು ಒಂದೇ ಸಮನಾಗಿ ಮಾತಾಡುವ ಊರು ಇದೆ ಅಂತ ನನಗೆ ಗೊತ್ತಿರಲಿಲ್ಲ ಕಣ್ರೀ" ಎಂದರು ಅವರು. "ನಿಜವಾದ ಪವಾಡ ಇದೇ ಇರಬೇಕು."

ನಾನು ಒಕ್ಕಣೆಯ ವಿಷಯ ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿ, ಆ ಬಟ್ಟಲು ಯಾವುದರದ್ದೆಂದು ವಿಚಾರಿಸಿದರು. ಬೆಳ್ಳಿಯದು, ಎಂದೆ.

"ಕಟಕಟೆಯ ಆಚೆ ನಿಂತವನಿಗೆ ಬೆಳ್ಳಿಯ ಬಟ್ಟಲಿನ ಒಳಗಿರುವುದು ಹೇಗೆ ಕಂಡಿತು?"

ಇಂಥ ಸಂಗತಿಗಳಲ್ಲಿ ಧರ್ಮಸಭೆಯು, ಅಂದರೆ ಅವರ ಮತದ ಆಡಳಿತವು, ಮೊದಲು ಸಂಶಯಪಡುತ್ತದೆ, ಆಮೇಲೆ ಉಳಿದದ್ದು ಎಂದು ಅವರು ಹೇಳಿದರು. ಬೀಗದ ಕೈ ಯಾರಲ್ಲಿತ್ತು, ಯಾರು ಎಲ್ಲಿ ನಿಂತಿದ್ದರು, ಕಣ್ಣಿಂದ ಕಂಡದ್ದೆಷ್ಟು, ಪಕ್ಕದವರಿಂದ ಕೇಳಿದ್ದೆಷ್ಟು ಎಂದು ಬೇರೆ ಬೇರೆಯಾಗಿ, ಅವರವರ ಮಾತಿನಲ್ಲಿಯೇ ಬರೆಯಬೇಕು. ಕೆಂಪು ವಸ್ತುವಿನ ತುಣುಕೊಂದನ್ನು ಪ್ರಯೋಗಾಲಯಕ್ಕೆ ಕಳುಹಿಸಿದ್ದರು. ಮಾದರಿ ಸಾಲದು ಎಂಬ ಒಂದೇ ಸಾಲಿನ ಉತ್ತರ ಬಂದಿತ್ತು. ಆದ್ದರಿಂದ ಹಳ್ಳಿಯಲ್ಲಿಯೇ ಪರೀಕ್ಷೆ ನಡೆಸುವುದಾಗಿ ತಿಳಿಸಿದರು.

ಕೊನೆಗೆ ಅವರು ಸೂಲಗಿತ್ತಿಯ ಹಾಳೆಯನ್ನೆತ್ತಿಕೊಂಡರು. "ಈಕೆ ಯಾವ ತಪ್ಪಿಗೆ ಕ್ಷಮೆ ಕೇಳ್ತಿದ್ದಾರೆ?"

"ಅದು ವಾಡಿಕೆ ಸ್ವಾಮಿ."

"ಯಾರ ವಾಡಿಕೆ?"

ಪಕ್ಕದಲ್ಲಿದ್ದ ಮಳವಳ್ಳಿಯ ಗುರುಗಳು ತಲೆ ತಗ್ಗಿಸಿ ನುಡಿದರು: ನಾಲ್ಕನೆಯ ಪ್ರತಿಯನ್ನು ಉಪದೇಶಿಯವರು ಇಟ್ಟುಕೊಂಡು, ಕಳೆದ ಭಾನುವಾರ ಗುಡಿಯ ಮುಂದೆ ನಿಂತು ಹದಿಮೂರನ್ನೂ ಗಟ್ಟಿಯಾಗಿ ಓದಿದರು. ಕೊನೆಯ ಸಾಲು ಕೇಳಿದ ಮೇಲೆ, ಆ ಹೆಂಗಸು ತಾನಾಗಿಯೇ ತಪ್ಪೊಪ್ಪಿಕೊಂಡಿದ್ದಾಳೆ ಎಂದು ಊರು ತೀರ್ಮಾನಿಸಿದೆ. ಅದುವರೆಗೆ ಗುಸುಗುಸು ಇದ್ದದ್ದು ಈಗ ದಾಖಲೆಯಾಗಿದೆ, ಅದೂ ಟೈಪು ಮಾಡಿದ್ದು.

ಓದುಗರೇ, ಆ ದಿನ ನನಗೆ ಬಂದ ಸಿಟ್ಟನ್ನು ಹೇಗೆ ನಿವೇದಿಸಲಿ. ಉಪದೇಶಿಯ ಮೇಲೆ ಬಂತು, ಗದ್ದಲ ಮಾಡಿದ ಜನರ ಮೇಲೆ ಬಂತು, ಸಂಜೆ ಒಂದೇ ಬಸ್ಸು ಬಿಡುವವರ ಮೇಲೆ ಬಂತು. ನನ್ನ ಮೇಲೆ ಬರಲು ಮಾತ್ರ ಇನ್ನೂ ಎರಡು ದಿನ ಹಿಡಿಯಿತು.

ಎರಡನೆಯ ಸಲ ಹಳ್ಳಿಗೆ ಹೋದಾಗ ವಿಚಾರಣಾ ಗುರುಗಳೂ ಜೊತೆಗಿದ್ದರು. ಒಬ್ಬೊಬ್ಬರನ್ನೇ ಗುಡಿಯೊಳಗೆ ಕರೆದು, ಆ ದಿನ ನಿಂತ ಜಾಗದಲ್ಲಿಯೇ ನಿಲ್ಲಿಸಿದರು. ಪ್ರಶ್ನೆ ಅವರದು, ಟೈಪು ನನ್ನದು.

"ಬಟ್ಟಲೊಳಗೆ ಏನು ಕಂಡಿರಿ?"

"ಬಟ್ಲು ಕಂಡೆ ಸ್ವಾಮೇರೆ. ಒಳಗಿಂದು ನಮ್ ಬಾವ ಯೋಳ್ದ."

ಆ ಬಾವನನ್ನು ಕರೆದಾಗ, "ಉಪದೇಸಿಗಳು ಕೂಕ್ಕೊಂಡ್ರಲ್ಲ, ಅವರೇನ್ ಸುಳ್ ಯೋಳ್ತಾರ?" ಎಂದ. ಇನ್ನೊಬ್ಬ ಹೆಂಗಸು ಕೆಂಪಲ್ಲ, ಅರಿಶಿನದ ಬಣ್ಣ ಎಂದರು. ಮತ್ತೊಬ್ಬರು ಬೆಳಕು ಬಂತು ಎಂದರು. ಯಾವ ಕಡೆಯಿಂದ ಎಂದು ಕೇಳಿದರೆ ಕಿಟಕಿ ತೋರಿಸಿದರು. ಸಂಜೆಯೊಳಗೆ ಲೆಕ್ಕ ಹಾಕಿದಾಗ, ಬಟ್ಟಲಿನ ಒಳಗನ್ನು ನಿಜವಾಗಿ ನೋಡಿದವರು ಗುರುಗಳನ್ನು ಬಿಟ್ಟರೆ ಮೂವರು ಮಾತ್ರ. ನಾನು ಹದಿಮೂರು ಸಲ "ಕಣ್ಣಾರೆ" ಎಂದು ಟೈಪು ಮಾಡಿದ್ದೆ.

ಸೂಲಗಿತ್ತಿಯನ್ನು ಕರೆದಾಗ ಆಕೆ ಮೇಜಿನ ಬಳಿಗೆ ಬಂದು ನನ್ನನ್ನೇ ದಿಟ್ಟಿಸಿದರು.

"ಟೈಪಿನಪ್ಪ, ನಾನೆಲ್ಲಪ್ಪ ತಪ್ಪು ಮಾಡಿವ್ನಿ ಅಂದೆ ನಿನ್ ತಾವ? ಎಳೇ ಬಾಣಂತೀನ ನೋಡ್ಕೊಂಡು ಆಗಲೇ ಬಂದಿದ್ದೆ, ಬಾಯ್ ಒಣಗಿತ್ತು, ನಾಲ್ಗೆ ಅಂಟ್ಕೊಂಡಿತ್ತು ಅಂದೆ. ಸ್ವಾಮೇರ ಕೈಯೂ ನಡುಗ್ತಿತ್ತು ಅಂದೆ. ಅದ್ನೆಲ್ಲ ಬುಟ್ಟು ಇದ್ಯಾವ್ದೋ ಬರ್ಕೊಂಡಿದ್ದೀಯ."

"ಅವ್ವ, ಅದು ಮರ್ಯಾದೆಗೆ ಹಾಕೋ ಸಾಲು" ಎಂದೆ.

"ಯಾರ್ ಮರ್ಯಾದೆ? ನನ್ ಮರ್ಯಾದೆ ಓಯ್ತಲ್ಲೋ ಮಗ ಅದ್ರಲ್ಲಿ. ನೀನು ಓದ್ದವ್ನು, ನಾನ್ ಯೋಳಿದ್ನೇ ಬರ್ದಿರ್ತೀಯ ಅಂತ ಎಬ್ಬೆಟ್ ಒತ್ತಿದೆ. ಈಗ ನಾನ್ ಬೀದೀಗ್ ಬಂದ್ರೆ ಬಸ್ರೀರು ಸೆರಗು ಮುಚ್ಕೊಂಡು ಒಳಿಕ್ ಓಯ್ತಾರೆ. ನನ್ ಕೈಲಿ ಉಟ್ದೋರೇ ನನ್ ನೆರಳ ದಾಟಲ್ಲ."

ಅವರ ಹೊಸ ಹೇಳಿಕೆಯನ್ನು ಅವರು ನುಡಿದಂತೆಯೇ ಟೈಪು ಮಾಡಿದೆ. ಈ ಸಲ ಹೆಬ್ಬೆಟ್ಟು ಸುಲಭವಾಗಿ ಸಿಗಲಿಲ್ಲ. ಮೂರು ಸಲ ಓದಿಸಿದರು. ಹೆಸರಿನ ಮುಂದೆ ವಾಡಿಕೆಯಂತೆ "ಬಡ ವಿಧವೆಯಾದ" ಎಂದು ಹಾಕಿದ್ದೆ. "ಅದ ನಾನ್ ಯಾವಾಗ್ ಅಂದೆ? ಒಡೆದಾಕು" ಎಂದರು. ಹೊಡೆದುಹಾಕಿದೆ.

ಆ ಸಂಜೆಯೇ ಪರೀಕ್ಷೆಯ ಏರ್ಪಾಡಾಯಿತು. ಒಂದೇ ಅಳತೆಯ ಎರಡು ಗಾಜಿನ ಬಟ್ಟಲುಗಳು, ಮಂತ್ರಿಸದ ಎರಡು ರೊಟ್ಟಿಗಳು. ಒಂದಕ್ಕೆ ಗುಡಿಯ ಮೂಲೆಯ ಮಡಕೆಯಿಂದ, ಅಂದರೆ ಆ ಭಾನುವಾರ ನೀರು ತೆಗೆದ ಅದೇ ಮಡಕೆಯಿಂದ, ನೀರು. ಇನ್ನೊಂದಕ್ಕೆ ಎಲ್ಲರೆದುರು ಕುದಿಸಿ ಆರಿಸಿದ ನೀರು. ಎರಡರ ಬಾಯಿಗೂ ಬಟ್ಟೆ ಕಟ್ಟಿ, ದಾರ ಸುತ್ತಿ, ಅರಗಿನ ಮುದ್ರೆ ಒತ್ತಿ, ಹಾಜರಿದ್ದವರ ಹೆಸರು ಮತ್ತು ವೇಳೆಯ ಚೀಟಿಗಳನ್ನು ನಾನು ಟೈಪು ಮಾಡಿ ಅಂಟಿಸಿದೆ. ಖಾಲಿ ಕಪಾಟಿನಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ವಿಚಾರಣಾ ಗುರುಗಳೇ ಜೇಬಿಗೆ ಹಾಕಿಕೊಂಡರು. ಉಪದೇಶಿಯವರಿಗೆ ಇದರಿಂದ ಬಹಳ ಬೇಸರವಾಯಿತು.

"ಮೂವತ್ತು ವರ್ಷದಿಂದ ಕೈ ನನ್ ತಾವೇ ಇತ್ತು" ಎಂದರು.

"ಅದಕ್ಕೇ" ಎಂದರು ವಿಚಾರಣಾ ಗುರುಗಳು.

ಹೊರಡುವಾಗ ಉಪದೇಶಿಯವರು ನನ್ನನ್ನು ಪಕ್ಕಕ್ಕೆ ಕರೆದು ಒಂದು ಉಪಾಯ ಹೇಳಿದರು. ಹಳೆಯ ಹಾಳೆಗಳನ್ನು ಸುಟ್ಟುಬಿಡೋಣ, ಹೊಸವನ್ನು ಓದಿಬಿಡೋಣ, ಆ ಸಾಲು ಯಾರದ್ದೆಂದು ಯಾರಿಗೂ ಹೇಳುವುದು ಬೇಡ. "ನಿಮಗೂ ಕಸುಬು ಐತೆ, ನನಗೂ ಮಾನ ಐತೆ" ಎಂದರು. ಆ ಮಾತಿನಲ್ಲಿ ನನಗೆ ಅನುಕೂಲವಿತ್ತು. ಇತರರ ಬಾಯಿಗೆ ತನ್ನ ಮಾತು ತುರುಕುವವನೆಂದು ಒಮ್ಮೆ ಹೆಸರು ಬಂದರೆ, ಕೋರ್ಟಿನೆದುರು ನನ್ನ ಸ್ಟೂಲಿನ ಮೇಲೆ ಯಾರು ಕೂರುತ್ತಾರೆ? ಮದ್ದೂರಿನವರೆಗೂ ಆ ಉಪಾಯವನ್ನೇ ಒಪ್ಪಿಕೊಂಡಿದ್ದೆ. ಆದರೆ ಸಾಲು ಮಾಯವಾದರೆ ಸಾಕೇ? ಊರು ಕಿವಿಯಾರೆ ಕೇಳಿದ್ದು ಹಾಳೆ ಸುಟ್ಟರೆ ಸುಡುವುದಿಲ್ಲ. ಮೊದಲು ಒಪ್ಪಿಕೊಂಡಳು, ಈಗ ಮಾತು ತಿರುಗಿಸಿದಳು ಎಂದೇ ಆದೀತು. ಮದ್ದೂರಿನ ನಿಲ್ದಾಣದಲ್ಲಿ ಮಂಡ್ಯದ ಬಸ್ಸಿಗಾಗಿ ಕಾಯುತ್ತಾ, ಯಂತ್ರವನ್ನು ಕಲ್ಲುಬೆಂಚಿನ ಮೇಲಿಟ್ಟು, ಅಲ್ಲಿಯೇ ಒಂದು ಹಾಳೆ ಸೇರಿಸಿ ನನ್ನ ಹೇಳಿಕೆಯನ್ನು ಟೈಪು ಮಾಡಿದೆ. ನಾಲ್ಕು ಜನ ನಿಂತು ನೋಡಿದರು. ಬಸ್ಸು ತಪ್ಪಿತು.

ಆರನೆಯ ದಿನ ಮೂರನೆಯ ಸಲ ಹಳ್ಳಿಗೆ ಹೋದೆ. ಅದು ಭಾನುವಾರ. ಬಲಿಪೂಜೆಯ ಮುಂಚೆ ಮುದ್ರೆಗಳನ್ನು ಪರಿಶೀಲಿಸಿ, ಹಾಜರಿದ್ದವರಿಂದ ರುಜು ಪಡೆದು, ಒಡೆದೆವು. ಕುದಿಸಿದ ನೀರಿನಲ್ಲಿದ್ದ ರೊಟ್ಟಿ ಗಂಜಿಯಂತೆ ಕರಗಿತ್ತು. ಮಡಕೆಯ ನೀರಿನಲ್ಲಿದ್ದುದರ ಮೇಲೆ ಕೆಂಪು ಲೋಳೆ ಹರಡಿತ್ತು, ಕುಂಕುಮ ಕದಡಿದಂತೆ. ಯಾರೂ ಮಂತ್ರಿಸದ, ಯಾರ ಬಾಯಿಗೂ ಹೋಗದ ರೊಟ್ಟಿ. ಕೆಂಪು ಬಂದದ್ದು ಮಡಕೆಯ ನೀರಿನಲ್ಲಿ ಬೆಳೆದ ಬೂಷ್ಟಿನಂಥದ್ದರಿಂದ ಎಂದ ವಿಚಾರಣಾ ಗುರುಗಳು, ಆ ಮಡಕೆಯನ್ನು ಎಂದಾದರೂ ತೊಳೆದಿದ್ದುಂಟೇ ಎಂದು ಕೇಳಿದಾಗ ಉಪದೇಶಿಯವರು, "ತೀರ್ತದ್ ಮಡ್ಕೆ ಯಾರಾರ ಉಜ್ತಾರಾ?" ಎಂದರು.

ಇಷ್ಟಕ್ಕೇ ಮುಗಿಯಿತೆಂದು ತಿಳಿದಿದ್ದೆ. ಆದರೆ ಪೂರಿಗಾಲಿಗೆ ಹೋಗಿದ್ದ ಆ ಮಹಾಶಯ ಮುಂದೆ ನುಗ್ಗಿ, ಬಟ್ಟಲು ನೋಡಿ, "ಅಂಗಾರೆ ಎಲ್ಡು ಪವಾಡ ಆಯ್ತಲ್ಲ ಸ್ವಾಮೇರೆ! ಇದ್ನೂ ಬರ್ಸಿ!" ಎಂದು ನನ್ನತ್ತ ತಿರುಗಿದ. ವಿಚಾರಣಾ ಗುರುಗಳು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಅಷ್ಟು ಸುಸ್ತಾದ ಮುಖವನ್ನು ನಾನು ಕೋರ್ಟಿನ ಮೆಟ್ಟಿಲ ಮೇಲೂ ಕಂಡಿರಲಿಲ್ಲ.

ಹೊಸ ಹೇಳಿಕೆಗಳನ್ನು ಊರಿಗೆ ಓದಿ ಹೇಳುವ ಮುನ್ನ, ಮದ್ದೂರಿನಲ್ಲಿ ಟೈಪು ಮಾಡಿದ್ದ ನನ್ನ ಹಾಳೆಯನ್ನು ಗುರುಗಳ ಮುಂದಿಟ್ಟು, ಇದನ್ನೂ ಕಡತಕ್ಕೆ ಸೇರಿಸಬೇಕು, ಉಪದೇಶಿಯವರು ಓದಿದ ಜಾಗದಲ್ಲಿಯೇ ಇದನ್ನು ಓದಲು ಅಪ್ಪಣೆ ಕೊಡಬೇಕು ಎಂದು ಬಿನ್ನವಿಸಿಕೊಂಡೆ. ವಿಚಾರಣಾ ಗುರುಗಳು ಓದಿ ಮಳವಳ್ಳಿಯ ಗುರುಗಳಿಗೆ ಕೊಟ್ಟರು. ಅವರು ಓದಿ, ಯಂತ್ರದ ಎದುರು ಬಂದು ಕುಳಿತು, "ಇನ್ನೊಂದು ಹಾಳೆ ಹಾಕಿ" ಎಂದರು. ಅದುವರೆಗೂ ಅವರ ಹೇಳಿಕೆಯನ್ನು ಯಾರೂ ಪಡೆದಿರಲಿಲ್ಲ, ಕೇಳಬೇಕೆಂದು ನಮಗೆ ಯಾರಿಗೂ ಹೊಳೆದಿರಲಿಲ್ಲ. ಅವರು ಹೇಳಿದರು, ನಾನು ಟೈಪು ಮಾಡಿದೆ: "ಆ ಭಾನುವಾರ ನನಗೆ ಚಳಿಜ್ವರವಿತ್ತು. ಕೈ ನಡುಗುತ್ತಿತ್ತು. ಪ್ರಸಾದ ನಾಲಗೆಗೆ ತಾಗುವ ಮೊದಲೇ ಜಾರಿತೋ ಆಮೇಲೆ ಜಾರಿತೋ ಖಚಿತವಾಗಿ ಹೇಳಲಾರೆ."

ಬಲಿಪೂಜೆಯಾದ ಮೇಲೆ ಗುಡಿಯ ಮುಂದೆ ಊರು ಸೇರಿತು. ಮೊದಲು ನಾನು ನಿಂತೆ. "ಕೊನೆಯ ಸಾಲು ಆ ತಾಯಿ ನುಡಿದದ್ದಲ್ಲ. ಅವರನ್ನು ಕೇಳದೆ ನಾನು ಹಾಕಿದ್ದು. ಅವರು ಯಾವ ತಪ್ಪನ್ನೂ ಒಪ್ಪಿಕೊಂಡಿರುವುದಿಲ್ಲ. ತಪ್ಪು ನನ್ನದಾಗಿರುತ್ತದೆ" ಎಂದು ಓದಿದೆ. ಆಮೇಲೆ ಗುರುಗಳು ತಮ್ಮದನ್ನು ಓದಿದರು. ಕಡೆಗೆ ಸೂಲಗಿತ್ತಿಯ ಹೇಳಿಕೆಯನ್ನು ಆಕೆಯ ಮಾತಿನಲ್ಲಿಯೇ ನಾನು ಓದಿದಾಗ ಅಲ್ಲಲ್ಲಿ ನಗು ಕೇಳಿಸಿತು. ಅದು ಗೇಲಿಯ ನಗುವಲ್ಲ. ಗುರುತು ಹಿಡಿದವರ ನಗು.

ಪೂರಿಗಾಲಿಗೆ ಹೋಗಿದ್ದ ಮಹಾಶಯ ಮಾತ್ರ ಗೊಣಗಿದ: "ನಮ್ಮೂರ್ಗೂ ಒಂದ್ ಪವಾಡ ಅಂತ ಬಂದಿತ್ತು. ಟೈಪಿನವ್ನು ಬಂದು ಅಳಿಸ್ಬುಟ್ಟ."

ಸೂಲಗಿತ್ತಿ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ತಿರುಗಿದರು.

"ಪವಾಡ ಬೇಕೇನ್ಲಾ ನಿಂಗೆ? ಕಾಲ್ ಮುಂದಾಗಿ ಬಂದವ್ನು ನೀನು. ಕುತ್ಗೇಗೆ ಬಳ್ಳಿ ಸುತ್ಕೊಂಡು ನೀಲಿಗಟ್ಟಿದ್ದೆ. ಈಗ ಇಷ್ಟುದ್ದ ನಿಂತು ನನ್ಮುಂದೆ ಬಾಯ್ ಬುಡ್ತಾ ಇದೀಯಲ್ಲ, ಅದ್ ಯಾರ್ ಮಾಡಿದ್ ಪವಾಡ ಅಂತ ನಿಮ್ಮವ್ವನ ಕೇಳೋಗು!"

ಊರು ನಕ್ಕ ನಗುವಿಗೆ ಗುಡಿಯ ಪಾರಿವಾಳಗಳೆದ್ದವು. ಉಪದೇಶಿಯವರೂ ನಕ್ಕರು. ನಾನು ಯಂತ್ರಕ್ಕೆ ಹಗ್ಗ ಬಿಗಿಯುತ್ತಿದ್ದಾಗ, ಗುಂಪು ಚದುರಿದ ಮೇಲೆ, ಒಬ್ಬ ಹೆಂಗಸು ಆಕೆಯ ಬಳಿಗೆ ಬಂದು ತಗ್ಗಿದ ದನಿಯಲ್ಲಿ, "ನಾಳೀಕ್ ಒಸಿ ಬಂದೋಗವ್ವ, ಸೊಸೆಗೆ ತಿಂಗ್ಳು ತುಂಬೈತೆ" ಎಂದದ್ದು ಕೇಳಿಸಿತು.

"ನಾಳೀಕ್ ಯಾಕೆ, ನಡಿ" ಎಂದು ಆಕೆ ಹೊರಟೇಬಿಟ್ಟರು. ನನ್ನತ್ತ ತಿರುಗಿಯೂ ನೋಡಲಿಲ್ಲ.

ಅಲೌಕಿಕವೆನ್ನಲು ಆಧಾರವಿಲ್ಲ ಎಂದು ಧರ್ಮಾಧ್ಯಕ್ಷರ ಕಚೇರಿಯಿಂದ ತೀರ್ಮಾನ ಬಂತೆಂದು ಗುರುಗಳು ತರುವಾಯ ಪತ್ರ ಬರೆದರು. ಬೆಳ್ಳಿಯ ಬಟ್ಟಲಿನಲ್ಲಿದ್ದುದನ್ನು ನಿಯಮದಂತೆ ಗುಡಿಯ ಹಿಂದಿನ ಮಣ್ಣಿಗೆ ಹೊಯ್ದರಂತೆ. ಹೊಸ ಮಡಕೆ ತಂದರಂತೆ. ಅದನ್ನು ತಿಂಗಳಿಗೊಮ್ಮೆ ಉಜ್ಜುವುದಕ್ಕೆ ಉಪದೇಶಿಯವರು ಇನ್ನೂ ಒಪ್ಪಿರಲಿಲ್ಲವಂತೆ.

ಇದಿಷ್ಟು ನಾನು ಕಂಡದ್ದು ಮತ್ತು ಕೇಳಿದ್ದು. ಕಂಡದ್ದನ್ನು ಕಂಡೆನೆಂದೂ ಕೇಳಿದ್ದನ್ನು ಕೇಳಿದೆನೆಂದೂ ಬರೆಯಲು ಪ್ರಯತ್ನಿಸಿದ್ದೇನೆ. ಎಲ್ಲಾದರೂ ಒಬ್ಬರ ಮಾತಿನೊಳಗೆ ನನ್ನ ಮಾತು ಸೇರಿಕೊಂಡಿದೆಯೆಂದು ತೋರಿದರೆ, ಕಾಗುಣಿತ ತಪ್ಪಿದ್ದರೆ, ದಯಮಾಡಿ ಆ ಜಾಗದಲ್ಲಿ ಗೆರೆ ಎಳೆದು, ಸರಿಯಾದುದನ್ನು ಮೇಲೆ ಬರೆಯಿರಿ.